ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ‘ಬೇಡ’ ಎನ್ನಿ

ಪ್ರಶ್ನೆ: ನಮ್ಮ ತಂದೆಯವರಿಗೆ ತಾಳಮದ್ದಳೆಯೆಂದರೆ ಪ್ರಾಣ. ಊರೂರು ತಿರುಗಿ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಟ ಸುಮಾರು 120 ಕ್ಯಾಸೆಟ್‌ಗಳು ಮನೆಯಲ್ಲಿವೆ. ಎರಡು ಬೇಸಿಗೆ ರಜೆ ಕುಳಿತು ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಂದರಲ್ಲಿ ಇಟ್ಟಿದ್ದೆ. ಬೇರೆ ಪ್ರತಿ ಇಲ್ಲ. ಹೋದ ವಾರ ಅದಕ್ಕೆ ಫೈಲ್‌ಗಳನ್ನು ನಕಲು ಮಾಡುತ್ತಿದ್ದಾಗ ಕರೆಂಟ್ ಹೋಗಿ ಕಂಪ್ಯೂಟರ್ ಆರಿಹೋಯಿತು. ಅಂದಿನಿಂದ ಡಿಸ್ಕ್ ಜೋಡಿಸಿದರೆ ದೀಪ ಉರಿಯುತ್ತದೆ, ಆದರೆ ಕಂಪ್ಯೂಟರಿನಲ್ಲಿ ಏನೂ ಕಾಣುವುದಿಲ್ಲ. ತಮ್ಮನ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡು ‘ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿತು. ನಾವು ಹೆದರಿ ಕಿತ್ತುಬಿಟ್ಟೆವು. ಪೇಟೆಯ ಅಂಗಡಿಯೊಂದರಲ್ಲಿ, ಫಾರ್ಮ್ಯಾಟ್ ಮಾಡಿ ಆಮೇಲೆ ಸಾಫ್ಟ್‌ವೇರ್ ಹಾಕಿ ಎಲ್ಲವನ್ನೂ ತೆಗೆದುಕೊಡುತ್ತೇವೆ ಎನ್ನುತ್ತಾರೆ. ಕೊಡಬಹುದೇ? ಇನ್ನೊಂದು ಮಾತು: ಹೇಗೂ ಕಂಪ್ಯೂಟರಿಗೆ ಇಳಿಸಿದ್ದಾಯಿತಲ್ಲ, ಅಟ್ಟದ ಮೇಲಿನ ಕ್ಯಾಸೆಟ್‌ಗಳನ್ನು ಎಸೆಯಿರಿ ಎಂದು ಮನೆಯಲ್ಲಿ ಒತ್ತಾಯವಿತ್ತು. ಅವನ್ನೇನು ಮಾಡಲಿ?
— ಒಬ್ಬ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ಮೇಡಂ, ಕೊಡಬೇಡಿ. ಕನಿಷ್ಠ ಫಾರ್ಮ್ಯಾಟ್ ಮಾಡುವುದಕ್ಕಂತೂ ಕೊಡಬೇಡಿ. ಕ್ಯಾಸೆಟ್‌ಗಳನ್ನು ಎಸೆಯಬೇಡಿ, ಅದರ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ನೀವು ಹೆದರಿ ಕಿತ್ತದ್ದು ಒಳ್ಳೆಯದೇ ಆಯಿತು. ಆ ಗಾಬರಿಯಲ್ಲಿ ಎಷ್ಟೋ ಜನ ‘ಸರಿ’ ಎಂಬ ಗುಂಡಿಯನ್ನು ಒತ್ತಿ ನನ್ನ ಬಳಿಗೆ ಬಂದಿದ್ದಾರೆ.

ನಿಮ್ಮ ಪತ್ರದಲ್ಲಿ ನನಗೆ ಸಮಾಧಾನ ತಂದ ಸಾಲು ಒಂದಿದೆ: ಡಿಸ್ಕ್ ಒಮ್ಮೆ ಕಾಣಿಸಿಕೊಂಡಿತು ಎಂಬುದು. ಪೂರ್ತಿ ಸತ್ತ ಡಿಸ್ಕ್ ಹಾಗೆ ಕಾಣಿಸಿಕೊಳ್ಳುವುದಿಲ್ಲ. ಒಂದು ಕಡೆ ಕಂಡು ಇನ್ನೊಂದು ಕಡೆ ಕಾಣದೆ ಹೋದರೆ ನಾನು ಮೊದಲು ಅನುಮಾನಿಸುವುದು ಡಿಸ್ಕನ್ನಲ್ಲ, ಅದಕ್ಕೂ ಕಂಪ್ಯೂಟರಿಗೂ ನಡುವೆ ಇರುವ ಒಂದೂವರೆ ಅಡಿ ತಂತಿಯನ್ನು.

ಆ ಕೇಬಲ್ಲನ್ನು ಕೈಗೆ ತೆಗೆದುಕೊಂಡು ಡಿಸ್ಕಿಗೆ ಸೇರುವ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ನಿಮ್ಮದು ಸಾಮಾನ್ಯವಾಗಿ ಸಿಗುವ ಮಾದರಿಯಾದರೆ ಆ ತುದಿ ಚಪ್ಪಟೆಯಾಗಿ ಅಗಲವಾಗಿದ್ದು, ನಡುವೆ ಒಂದು ಕಚ್ಚು ಬಿದ್ದು ಎರಡು ಭಾಗವಾದಂತೆ ಕಾಣುತ್ತದೆ. ಅದರ ಹೆಸರು ಮೈಕ್ರೋ ಬಿ. ನಾನು ಕಂಡ ಯುಎಸ್‌ಬಿ ತುದಿಗಳಲ್ಲೆಲ್ಲ ಇಷ್ಟು ಬೇಗ ಸಡಿಲಗೊಳ್ಳುವುದು ಬೇರೊಂದಿಲ್ಲ. ಡಿಸ್ಕನ್ನು ಚೀಲದಿಂದ ತೆಗೆಯುವಾಗ ಕೇಬಲ್ ಹಿಡಿದು ಎಳೆದರೆ ಸಾಕು, ಒಳಗಿನ ಸಣ್ಣ ಲೋಹದ ಪಟ್ಟಿಗಳು ಬಾಗುತ್ತವೆ. ದೀಪ ಉರಿಯಲು ಬೇಕಾದದ್ದು ವಿದ್ಯುತ್ತಿನ ಎರಡು ತಂತಿ ಮಾತ್ರ. ಮಾಹಿತಿ ಸಾಗುವ ತಂತಿಗಳು ಬೇರೆ. ಹಾಗಾಗಿ ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಕೇಬಲ್ ಸರಿಯಿದೆ ಎಂದು ತಿಳಿಯುವಂತಿಲ್ಲ.

ಇನ್ನೊಂದು ಒಳ್ಳೆಯ ಕೇಬಲ್ ಕೊಂಡು ತರುವುದಕ್ಕೆ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಟೈಪ್ ಸಿ ಬರುವುದಕ್ಕೆ ಮೊದಲಿನ ಆಂಡ್ರಾಯ್ಡ್ ಮೊಬೈಲ್‌ಗಳ ಜೊತೆ ಬರುತ್ತಿದ್ದ ಕೇಬಲ್ ಯಾವುದಾದರೂ ಡ್ರಾಯರ್‌ನಲ್ಲಿ ಇದ್ದೇ ಇರುತ್ತದೆ. ಅದರ ತುದಿ ನಿಮ್ಮ ಡಿಸ್ಕಿನ ಅಗಲ ಬಾಯಿಯ ದೊಡ್ಡ ಭಾಗಕ್ಕೆ ಸರಿಯಾಗಿ ಕೂರುತ್ತದೆ. ಸಣ್ಣ ಭಾಗ ಖಾಲಿ ಉಳಿಯಲಿ, ಪರವಾಗಿಲ್ಲ. ಯುಎಸ್‌ಬಿ 3.0ರ ವೇಗದ ತಂತಿಗಳು ಆ ಸಣ್ಣ ಭಾಗದಲ್ಲಿವೆ. ಅವಿಲ್ಲದಿದ್ದರೆ ಡಿಸ್ಕ್ ಹಳೆಯ 2.0ರ ನಿಧಾನಗತಿಯಲ್ಲಿ ಕೆಲಸ ಮಾಡುತ್ತದೆ, ಅಷ್ಟೇ. ಒಂದು ಎಚ್ಚರಿಕೆ: ಕೆಲವು ಕೇಬಲ್‌ಗಳು ಚಾರ್ಜಿಂಗಿಗೆ ಮಾತ್ರ, ಮಾಹಿತಿಯ ತಂತಿಯೇ ಅವುಗಳೊಳಗೆ ಇರುವುದಿಲ್ಲ. ಮೊದಲು ಅದೇ ಕೇಬಲ್‌ನಲ್ಲಿ ಮೊಬೈಲಿನ ಫೋಟೋಗಳು ಕಂಪ್ಯೂಟರಿನಲ್ಲಿ ಕಾಣುತ್ತವೆಯೇ ಎಂದು ನೋಡಿಕೊಂಡು ಆಮೇಲೆ ಡಿಸ್ಕಿಗೆ ಹಾಕಿ.

ಕೇಬಲ್ ಆದ ಮೇಲೆ ವಿದ್ಯುತ್ತು. ನಿಮ್ಮದು ಅಂಗೈಯಗಲದ ಡಿಸ್ಕ್ ಎಂದುಕೊಂಡಿದ್ದೇನೆ. ಅದಕ್ಕೆ ಬೇರೆ ಅಡಾಪ್ಟರ್ ಇಲ್ಲ, ಊಟವೆಲ್ಲ ಯುಎಸ್‌ಬಿ ಪೋರ್ಟಿನಿಂದಲೇ. 2.0 ಪೋರ್ಟ್ 500 ಮಿಲಿ ಆಂಪಿಯರ್ ಕೊಡಬೇಕೆಂಬುದು ನಿಯಮ, 3.0 ಪೋರ್ಟ್ 900. ಡಿಸ್ಕಿನ ಮೋಟಾರು ನಿಂತಲ್ಲಿಂದ ತಿರುಗಲು ತೊಡಗುವ ಒಂದೆರಡು ಸೆಕೆಂಡು ಅದಕ್ಕೆ ಅತಿ ಹೆಚ್ಚು ಶಕ್ತಿ ಬೇಕು. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟ್‌ಗಳು ಮದರ್‌ಬೋರ್ಡಿಗೆ ಉದ್ದನೆಯ ತೆಳು ತಂತಿಯಿಂದ ಸೇರಿರುತ್ತವೆ, ಅಲ್ಲಿ ಈ ಶಕ್ತಿ ಸೋರಿಹೋಗುತ್ತದೆ. ಆದ್ದರಿಂದ ಡೆಸ್ಕ್‌ಟಾಪ್ ಆದರೆ ಹಿಂಭಾಗದ ಪೋರ್ಟಿಗೆ ಹಾಕಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಕೊಂಡು, ಬೇರೆ ಯುಎಸ್‌ಬಿ ಸಾಧನಗಳನ್ನೆಲ್ಲ ತೆಗೆದು, ನೇರವಾಗಿ ಜೋಡಿಸಿ. ಒಂದರಿಂದ ನಾಲ್ಕು ಮಾಡುವ ಹಬ್ ಬೇಡವೇ ಬೇಡ.

ಹೀಗೆ ಜೋಡಿಸುವಾಗ ಡಿಸ್ಕನ್ನು ಮೇಜಿನ ಮೇಲೆ ಮಡಿಸಿದ ಬಟ್ಟೆಯ ಮೇಲಿಟ್ಟು ಕಿವಿ ಹತ್ತಿರ ತನ್ನಿ. ಫ್ಯಾನ್ ಆರಿಸಿ. ಆರೋಗ್ಯದ ಡಿಸ್ಕ್ ಮೊದಲು ಮೆಲ್ಲನೆ ‘ಸುಂಯ್’ ಎಂದು ಎದ್ದು, ಒಂದೆರಡು ಸಣ್ಣ ಗರಗರದ ಬಳಿಕ ಒಂದೇ ಸಮನೆ ಉಸಿರಾಡುತ್ತದೆ; ಬೆರಳಿಟ್ಟರೆ ಸಣ್ಣ ನಡುಕ ತಿಳಿಯುತ್ತದೆ. ಹೀಗಿದ್ದರೆ ಮುಂದುವರಿಯಿರಿ. ಗಡಿಯಾರದಂತೆ ಲೆಕ್ಕ ಹಿಡಿದು ‘ಟಕ್… ಟಕ್… ಟಕ್’ ಎಂದರೆ ಓದುವ ಹೆಡ್ ತನ್ನ ಜಾಗ ಕಾಣದೆ ಮತ್ತೆ ಮತ್ತೆ ಹಿಂದಿರುಗುತ್ತಿದೆ ಎಂದರ್ಥ. ಸಣ್ಣಗೆ ‘ಕುಂಯ್’ ಎಂದು ಕೊರಗಿ ನಿಂತರೆ ಮೋಟಾರು ತಿರುಗಲಾರದೆ ಒದ್ದಾಡುತ್ತಿದೆ. ಒಳ್ಳೆಯ ಕೇಬಲ್, ಒಳ್ಳೆಯ ಪೋರ್ಟ್‌ನಲ್ಲೂ ಹಾಗೇ ಆದರೆ ಹೆಡ್, ಮಾಹಿತಿ ಬರೆದಿರುವ ತಟ್ಟೆಗೆ ಅಂಟಿಕೊಂಡಿರಬಹುದು. ಈ ಎರಡೂ ಸದ್ದುಗಳಿಗೆ ಮನೆಮದ್ದಿಲ್ಲ. ಕೂಡಲೇ ಕಿತ್ತು ಪಕ್ಕಕ್ಕಿಡಿ, ಇನ್ನೊಮ್ಮೆ ನೋಡೋಣ ಎಂದು ಹಾಕಬೇಡಿ. ಹೆಡ್‌ಗಳು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತವೆ. ನಮ್ಮ ತಲೆಗೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಹಾನಿಗೊಂಡ ಹೆಡ್ ಪ್ರತಿ ಸಲ ಎದ್ದಾಗಲೂ ತಟ್ಟೆಯನ್ನು ಕೆರೆಯುವ ಸಾಧ್ಯತೆ ಇದೆ. ಕೆರೆದುಹೋದ ಜಾಗದಲ್ಲಿದ್ದದ್ದನ್ನು, ಕೆಟ್ಟ ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಯಾವ ಪ್ರಯೋಗಾಲಯವೂ ತಂದುಕೊಡಲಾರದು.

ಸದ್ದು ಸರಿಯಿದೆ ಎಂದುಕೊಳ್ಳೋಣ. ಇನ್ನು ಕಂಪ್ಯೂಟರ್ ಏನು ಹೇಳುತ್ತದೆ ನೋಡಬೇಕು. ಫೈಲ್‌ಗಳ ಕಿಟಕಿಯಲ್ಲಿ ಹುಡುಕಬೇಡಿ. ತನಗೆ ಅರ್ಥವಾದ ಡಿಸ್ಕನ್ನು ಮಾತ್ರ ವಿಂಡೋಸ್ ಅಲ್ಲಿ ತೋರಿಸುತ್ತದೆ. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಬರುವ ಪಟ್ಟಿಯಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಭಾಗದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂದು ಸಾಲಾಗಿ ಇರುತ್ತವೆ. 0 ಎಂಬುದು ಬಹುಪಾಲು ನಿಮ್ಮ ಕಂಪ್ಯೂಟರಿನದ್ದೇ. 931 ಜಿಬಿ ಎಂದು ತೋರಿಸುವ ಸಾಲನ್ನು ಹುಡುಕಿ, ನಿಮ್ಮ 1 ಟಿಬಿ ಅದೇ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ತೆರೆಯುವಾಗಲೇ ‘ಡಿಸ್ಕನ್ನು ಇನಿಶಿಯಲೈಸ್ ಮಾಡಬೇಕು’ ಎಂಬ ಪೆಟ್ಟಿಗೆ ಮೇಲೆದ್ದರೆ ‘ಕ್ಯಾನ್ಸಲ್’ ಒತ್ತಿ. ಇಲ್ಲಿ ನೀವು ಬಂದಿರುವುದು ನೋಡುವುದಕ್ಕೆ ಮಾತ್ರ. ಮೊಬೈಲಿನಲ್ಲಿ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಯಾರಿಗೆ ತೋರಿಸಬೇಕಾದರೂ ಉಪಯೋಗಕ್ಕೆ ಬರುತ್ತದೆ.

ಆ ಸಾಲಿನಲ್ಲಿ ‘ಹೆಲ್ದಿ’ ಎಂದಿದ್ದು, ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಎಂಬ ಹೆಸರಿದ್ದು, ಇ ಅಥವಾ ಎಫ್ ಎಂಬ ಅಕ್ಷರ ಮಾತ್ರ ಇಲ್ಲದಿದ್ದರೆ ನಿಮ್ಮ ಅದೃಷ್ಟ. ಅದರ ಮೇಲೆ ಬಲಗುಂಡಿ ಒತ್ತಿ ‘ಚೇಂಜ್ ಡ್ರೈವ್ ಲೆಟರ್’ನಲ್ಲಿ ಅಕ್ಷರವೊಂದನ್ನು ಕೊಟ್ಟರೆ ಮುಗಿಯಿತು. ‘ಆಫ್‌ಲೈನ್’ ಎಂದಿದ್ದರೆ ಅದೇ ರೀತಿ ‘ಆನ್‌ಲೈನ್’ ಮಾಡಬಹುದು. ‘ಆರ್‌ಎಡಬ್ಲ್ಯು’ ಅಂದರೆ ‘ರಾ’ ಎಂದಿದ್ದರೆ ಫೈಲ್ ವ್ಯವಸ್ಥೆ, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳ ಲೆಕ್ಕ ಇಡುವ ಏರ್ಪಾಡು, ಕೆಟ್ಟಿದೆ (ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಎಂಬುವು ಅಂಥ ಏರ್ಪಾಡುಗಳ ಹೆಸರು). ನಿಮ್ಮ ತಮ್ಮನ ಲ್ಯಾಪ್‌ಟಾಪ್ ಹೇಳಿದ್ದನ್ನು ನೋಡಿದರೆ ನಿಮ್ಮದು ಇದೇ ಇರಬಹುದು. ‘ನಾಟ್ ಇನಿಶಿಯಲೈಸ್ಡ್’ ಎಂದಿದ್ದು ಗಾತ್ರವೂ ಬರದಿದ್ದರೆ ಡಿಸ್ಕ್ ತನ್ನೊಳಗನ್ನೇ ಓದಲಾರದ ಸ್ಥಿತಿಯಲ್ಲಿದೆ, ಅದು ಪ್ರಯೋಗಾಲಯದ ಕೆಲಸ. ಸಾಲೇ ಇಲ್ಲದಿದ್ದರೆ ‘ಡಿವೈಸ್ ಮ್ಯಾನೇಜರ್’ನಲ್ಲಿ ಹಳದಿ ಗುರುತಿನ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ಡಿಸ್ಕ್ ಕಿತ್ತು, ಕಂಪ್ಯೂಟರನ್ನು ಮತ್ತೆ ಶುರುಮಾಡಿ ಜೋಡಿಸಿ. ಹೀಗೆ ಅನ್‌ಇನ್‌ಸ್ಟಾಲ್ ಮಾಡುವುದರಿಂದ ಡಿಸ್ಕಿನೊಳಗಿನದಕ್ಕೆ ಏನೂ ಆಗುವುದಿಲ್ಲ.

ಈಗ ಆ ಫಾರ್ಮ್ಯಾಟ್ ವಿಷಯ. ಹಿಂದೆ ಶಾನುಭೋಗರ ಬಳಿ ಇರುತ್ತಿದ್ದ ಲೆಕ್ಕದ ಪುಸ್ತಕವನ್ನು ನೆನೆಸಿಕೊಳ್ಳಿ. ಯಾವ ಸರ್ವೆ ನಂಬರ್ ಯಾರದ್ದು, ಎಲ್ಲಿಂದ ಎಲ್ಲಿಗೆ ಎಂಬುದೆಲ್ಲ ಅದರಲ್ಲಿ. ಪುಸ್ತಕದ ನಾಲ್ಕು ಹಾಳೆ ಮಳೆಯಲ್ಲಿ ನೆನೆದರೆ ಊರಿನ ಗದ್ದೆಗಳು ಮಾಯವಾಗುವುದಿಲ್ಲ. ನಿಮ್ಮ ಡಿಸ್ಕಿನಲ್ಲೂ ಅಂಥ ಪುಸ್ತಕವಿದೆ. ಯಾವ ಫೈಲಿಗೆ ಏನು ಹೆಸರು, ಅದರ ತುಣುಕುಗಳು ತಟ್ಟೆಯ ಮೇಲೆ ಎಲ್ಲೆಲ್ಲಿವೆ ಎಂಬುದನ್ನು ಬರೆದುಕೊಂಡಿರುತ್ತದೆ. ಫೈಲ್ ಇಳಿಸುತ್ತಿರುವಾಗ ಈ ಪುಸ್ತಕಕ್ಕೂ ಬರೆಯುತ್ತಿರುತ್ತದೆ. ಆ ಹೊತ್ತಿಗೆ ಕರೆಂಟ್ ಹೋಗಿದೆ, ಹಾಳೆ ಅರ್ಧಕ್ಕೆ ನಿಂತಿದೆ. ವಿಂಡೋಸ್‌ಗೆ ಪುಸ್ತಕ ಓದಲಾಗುತ್ತಿಲ್ಲ, ಹೊಸತು ತರಲೇ ಎಂದು ಕೇಳುತ್ತಿದೆ. ತರಲು ಹೇಳಿದರೆ ಖಾಲಿ ಪುಸ್ತಕ ತಂದು ಹಳೆಯದರ ಜಾಗದಲ್ಲಿ ಇಡುತ್ತದೆ. ‘ಕ್ವಿಕ್ ಫಾರ್ಮ್ಯಾಟ್’ ಮಾಡುವುದು ಇಷ್ಟನ್ನು. ಆ ಪೆಟ್ಟಿಗೆಯಲ್ಲಿ ‘ಕ್ವಿಕ್’ ಎಂಬುದರ ಮುಂದಿನ ಗುರುತು ತಪ್ಪಿದರೆ ಕಥೆ ಬೇರೆ: ವಿಂಡೋಸ್ ವಿಸ್ಟಾದಿಂದೀಚೆಗೆ ಪೂರ್ಣ ಫಾರ್ಮ್ಯಾಟ್ ಡಿಸ್ಕಿನ ಉದ್ದಗಲಕ್ಕೂ ಸೊನ್ನೆ ಬರೆಯುತ್ತದೆ. ಪುಸ್ತಕದ ಜೊತೆ ಗದ್ದೆಯೂ ಹೋಯಿತು. ಆಮೇಲೆ ಯಾವ ಸಾಫ್ಟ್‌ವೇರಿಗೂ ಸಿಗುವಂಥದ್ದು ಏನೂ ಉಳಿದಿರುವುದಿಲ್ಲ.

ಅಂಗಡಿಯವರು ಹೇಳುವಂತೆ ಕ್ವಿಕ್ ಫಾರ್ಮ್ಯಾಟ್ ಆದ ಮೇಲೂ ಫೈಲ್‌ಗಳನ್ನು ಹೊರತೆಗೆಯಲು ಸಾಧ್ಯ ಎಂಬುದು ನಿಜವೇ. ಆದರೆ ಹಾಗೆ ತೆಗೆಯುವ ಸಾಫ್ಟ್‌ವೇರ್‌ಗಳು ಫಾರ್ಮ್ಯಾಟ್ ಮಾಡದೆಯೂ ತೆಗೆಯಬಲ್ಲವು. ಮತ್ತೇಕೆ ಇರುವ ಸುಳಿವನ್ನೂ ಅಳಿಸಬೇಕು? ಪುಸ್ತಕವೇ ಇಲ್ಲದಾಗ ಈ ಸಾಫ್ಟ್‌ವೇರ್‌ಗಳು ಗದ್ದೆಗಿಳಿದು ಬದುವಿನ ಗುರುತು ಹಿಡಿದು ಹುಡುಕುತ್ತವೆ. ಫೈಲ್ ಸಿಗುತ್ತದೆ, ಹೆಸರು ಸಿಗುವುದಿಲ್ಲ. ‘ಕರ್ಣಪರ್ವ’, ‘ವಾಲಿವಧೆ’ ಎಂದು ಪ್ರಸಂಗದ ಹೆಸರು, ಊರು, ತಾರೀಖು ಹಾಕಿ ನೀವು ಜೋಡಿಸಿಟ್ಟ ಫೈಲ್‌ಗಳು ಎಫ್ ಅಕ್ಷರದ ಮುಂದೆ ಉದ್ದನೆಯ ಅಂಕಿ ಹೊತ್ತು ಬರುತ್ತವೆ. ಯಾವುದು ಯಾವ ರಾತ್ರಿಯ ಕೂಟವೆಂದು ಮತ್ತೆ 120 ಕ್ಯಾಸೆಟ್ ಕೇಳಿ ಗುರುತಿಸಬೇಕು. ಆ ರಾತ್ರಿಗಳನ್ನು ಬಲ್ಲ ನಿಮ್ಮ ತಂದೆಯವರಿಗೆ ಮಾತ್ರ ಸಾಧ್ಯವಾಗುವ ಕೆಲಸ ಅದು.

ವಿಂಡೋಸ್ ಕೇಳುವ ಇನ್ನೊಂದು ಪ್ರಶ್ನೆ ಇದಕ್ಕಿಂತ ಸೌಮ್ಯವಾಗಿ ಕಾಣುತ್ತದೆ: ‘ಸ್ಕ್ಯಾನ್ ಮಾಡಿ ಸರಿಪಡಿಸಲೇ?’ ಹೂಂ ಎಂದರೆ ಪರದೆಯ ಹಿಂದೆ ‘ಚೆಕ್ ಡಿಸ್ಕ್’ ಎಂಬ ವಿಂಡೋಸ್‌ನದೇ ಸಾಫ್ಟ್‌ವೇರ್ ನಡೆಯುತ್ತದೆ. ಅದಕ್ಕೂ ಈಗ ಬೇಡ ಎನ್ನಿ. ಚೆಕ್ ಡಿಸ್ಕ್ ಕೆಟ್ಟ ಸಾಫ್ಟ್‌ವೇರ್ ಅಲ್ಲ, ಅದರ ಧ್ಯೇಯ ಬೇರೆ. ಲೆಕ್ಕದ ಪುಸ್ತಕ ಸುಸಂಗತವಾಗಿರಬೇಕು ಎಂಬುದಷ್ಟೇ ಅದಕ್ಕೆ ಮುಖ್ಯ. ಹೊಂದದ ಸಾಲನ್ನು ಹೊಡೆದು ಹಾಕಲು ಹಿಂಜರಿಯದು. ವರ್ಷಗಳ ಹಿಂದೆ ಒಬ್ಬ ತಾಯಿ, ತೀರಿಹೋದ ಮಗನ ಫೋಟೋಗಳಿದ್ದ ಡಿಸ್ಕನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದರು. ಯಾರೋ ನೆರವಾಗಲೆಂದೇ ಈ ‘ಸರಿಪಡಿಸು’ ಗುಂಡಿ ಒತ್ತಿದ್ದರು. ಡಿಸ್ಕ್ ಈಗ ಸಲೀಸಾಗಿ ತೆರೆಯುತ್ತಿತ್ತು. ಒಳಗೆ ‘ಫೌಂಡ್ 000’ ಎಂಬ ಒಂದೇ ಫೋಲ್ಡರ್, ಅದರಲ್ಲಿ ‘ಸಿಎಚ್‌ಕೆ’ ಎಂದು ಕೊನೆಯಾಗುವ ಸಾವಿರಾರು ತುಣುಕುಗಳು. ವಾರಗಟ್ಟಲೆ ಕುಳಿತು ಸುಮಾರು ಅರ್ಧದಷ್ಟು ಫೋಟೋಗಳನ್ನು ಮತ್ತೆ ಜೋಡಿಸಿ ಕೊಟ್ಟೆ. ಉಳಿದರ್ಧವನ್ನು ಕೊಡಲಾಗಲಿಲ್ಲ. ಆಮೇಲೆ ನನ್ನ ಮೇಜಿಗೆ ಬಂದ ಪ್ರತಿಯೊಬ್ಬರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನಿಮಗೆ ಬೇಕಾದದ್ದು ಡಿಸ್ಕೋ, ಒಳಗಿರುವುದೋ? ಡಿಸ್ಕನ್ನು ಸರಿಪಡಿಸಲು ಹೋಗಿ ಒಳಗಿರುವುದನ್ನು ಕಳೆದುಕೊಂಡವರೇ ಹೆಚ್ಚು.

ಹಾಗಾದರೆ ಮಾಡಬೇಕಾದದ್ದೇನು? ಹೊಸದೊಂದು 2 ಟಿಬಿಯ ಡಿಸ್ಕ್ ತೆಗೆದುಕೊಳ್ಳಿ. ಅಂಗಡಿಗೆ ಕೊಡಬೇಕೆಂದಿದ್ದ ಹಣ ಇದಕ್ಕೆ ಹೋಗಲಿ. ಒಂದು ಪೆನ್‌ಡ್ರೈವ್‌ನಲ್ಲಿ ಉಬುಂಟು (ವಿಂಡೋಸ್ ಬದಲು ಕಂಪ್ಯೂಟರ್ ನಡೆಸಬಲ್ಲ, ಲಿನಕ್ಸ್ ಬಳಗದ ಉಚಿತ ವ್ಯವಸ್ಥೆ) ಹಾಕಿಸಿ, ಅದರಿಂದ ಕಂಪ್ಯೂಟರನ್ನು ಶುರುಮಾಡಿ; ಕಂಪ್ಯೂಟರಿನೊಳಗೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ, ‘ಟ್ರೈ’ ಎಂಬುದನ್ನು ಆರಿಸಿದರೆ ಸಾಕು. ವಿಂಡೋಸ್ ಕೈಚೆಲ್ಲಿದ ಡಿಸ್ಕನ್ನು ಲಿನಕ್ಸ್ ತೆರೆದ ಉದಾಹರಣೆಗಳು ನನ್ನ ಬಳಿ ಬೇಕಾದಷ್ಟಿವೆ. ತೆರೆದರೆ ಬೇರೇನೂ ಯೋಚಿಸದೆ ಎಲ್ಲವನ್ನೂ ಹೊಸ ಡಿಸ್ಕಿಗೆ ನಕಲು ಮಾಡಿ. 90 ನಿಮಿಷದ ಕ್ಯಾಸೆಟ್‌ಗಳನ್ನು ಸಿಡಿ ಗುಣಮಟ್ಟದ ‘ವೇವ್’ ಫೈಲಾಗಿ ಇಳಿಸಿದ್ದರೆ ನಿಮಿಷಕ್ಕೆ ಸುಮಾರು 10 ಎಂಬಿ, 120ಕ್ಕೂ ಸೇರಿ 110 ಜಿಬಿಯ ಆಸುಪಾಸು. ಹಳೆಯ ಮೊಬೈಲ್ ಕೇಬಲ್‌ನ ನಿಧಾನಗತಿಯಲ್ಲೂ ಒಂದೆರಡು ಗಂಟೆಯಲ್ಲಿ ಮುಗಿಯಬೇಕಾದ ಕೆಲಸ. ಕಂಪ್ಯೂಟರಿಗೆ ಯುಪಿಎಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಬ್ಯಾಟರಿ ಸರಿಯಿರುವ ಲ್ಯಾಪ್‌ಟಾಪ್ ಬಳಸಿ. ನಕಲು ತೀರಾ ತೆವಳಿದರೆ, ಒಂದೇ ಫೈಲಿನ ಬಳಿ ನಿಂತುಬಿಟ್ಟರೆ, ತಟ್ಟೆಯ ಮೇಲೆ ಕೆಟ್ಟ ಜಾಗಗಳಿವೆ ಎಂದು ತಿಳಿದು ನಿಲ್ಲಿಸಿ.

ಆಗ, ಅಥವಾ ಲಿನಕ್ಸ್ ಕೂಡ ತೆರೆಯದೆ ಹೋದಾಗ, ಬೇಕಾಗುವುದು ‘ಜಿಎನ್‌ಯು ಡಿಡಿರೆಸ್ಕ್ಯೂ’ ಎಂಬ ಉಚಿತ ಸಾಫ್ಟ್‌ವೇರ್. ಇದು ಫೈಲ್‌ಗಳನ್ನು ನೋಡುವುದೇ ಇಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಹಾಗೆ ಹಾಗೆಯೇ ಇನ್ನೊಂದಕ್ಕೆ ಅಚ್ಚು ತೆಗೆಯುತ್ತದೆ. ಸುಲಭವಾಗಿ ಬರುವ ಜಾಗಗಳನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ; ಎಲ್ಲಿಯವರೆಗೆ ಆಯಿತೆಂದು ಒಂದು ಫೈಲಿನಲ್ಲಿ ಗುರುತು ಹಾಕಿಕೊಳ್ಳುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ಮಳೆಗಾಲದ ಮಲೆನಾಡಿನ ಕರೆಂಟಿಗೆ ಹೇಳಿ ಮಾಡಿಸಿದಂತಿದೆ. ಹೊಸ ಡಿಸ್ಕ್ ಹಳೆಯದಕ್ಕಿಂತ ದೊಡ್ಡದಿರಲಿ ಎಂದದ್ದು ಇದಕ್ಕೇ. ಕಮಾಂಡ್ ಬರೆಯುವಾಗ ಯಾವುದು ಮೂಲ, ಯಾವುದು ನಕಲು ಎಂಬುದು ಅದಲುಬದಲಾದರೆ ಖಾಲಿ ಡಿಸ್ಕ್ ಬಂದು ತುಂಬಿದ್ದರ ಮೇಲೆ ಕೂರುತ್ತದೆ. ಆದ್ದರಿಂದ ಲಿನಕ್ಸ್ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತ ನಿಮ್ಮ ಹಳೆಯ ವಿದ್ಯಾರ್ಥಿಗಳೇ ಯಾರಾದರೂ ಸಿಗಬಹುದು.

ಅಚ್ಚು ತೆಗೆದಾದ ಮೇಲೆ ಮೂಲ ಡಿಸ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಇನ್ನು ಎಲ್ಲ ಪ್ರಯೋಗವೂ ನಕಲಿನ ಮೇಲೆ. ‘ಟೆಸ್ಟ್‌ಡಿಸ್ಕ್’ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಹಾಳಾದ ಲೆಕ್ಕದ ಪುಸ್ತಕವನ್ನು ಸರಿಪಡಿಸಬಲ್ಲದು. ಎನ್‌ಟಿಎಫ್‌ಎಸ್ ತನ್ನ ಮೊದಲ ಹಾಳೆಯ ಪ್ರತಿಯೊಂದನ್ನು ವಿಭಾಗದ ಕಟ್ಟಕಡೆಯಲ್ಲಿ ಇಟ್ಟುಕೊಂಡಿರುತ್ತದೆ, ಅದರಿಂದ ತಿದ್ದುತ್ತದೆ. ಫೈಲ್‌ಗಳು ಹೆಸರಿನ ಸಮೇತ ಮರಳುವ ದಾರಿ ಇದು. ಇದೂ ಸೋತರೆ ಮಾತ್ರ ಅದರ ಜೊತೆಗೇ ಬರುವ ‘ಫೋಟೋರೆಕ್’. ಹೆಸರು ಫೋಟೋದ್ದಾದರೂ ಧ್ವನಿ ಫೈಲ್‌ಗಳನ್ನೂ ಹುಡುಕುತ್ತದೆ. ಬದುವಿನ ಗುರುತು ಹಿಡಿದು ಹುಡುಕುವುದು ಎಂದೆನಲ್ಲ, ಅದು ಇದೇ.

ಅವರಿವರು ಹೇಳುವ ಕೆಲವು ಉಪಾಯಗಳು ನಿಮ್ಮ ಕಿವಿಗೂ ಬೀಳುತ್ತವೆ. ಡಿಸ್ಕನ್ನು ಫ್ರಿಜ್ಜಿನ ಫ್ರೀಜರ್‌ನಲ್ಲಿಡುವುದು ಬೇಡ. ಹೊರತೆಗೆದ ಕೂಡಲೇ ಒಳಗೆ ತೇವ ಕಟ್ಟುತ್ತದೆ. ತಟ್ಟುವುದು, ಕುಲುಕುವುದು ಬೇಡ. ಹೊರಗವಚ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಸೇರಿಸುವುದು ಕೆಲವು ಮಾದರಿಗಳಲ್ಲಿ ಫಲಿಸುತ್ತದೆ. ಆದರೆ ಎಷ್ಟೋ ಮಾದರಿಗಳಲ್ಲಿ ಯುಎಸ್‌ಬಿ ಬಾಯಿಯನ್ನು ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತಾರೆ, ಇನ್ನು ಕೆಲವು ನೀವು ಪಾಸ್‌ವರ್ಡ್ ಹಾಕದಿದ್ದರೂ ಎಲ್ಲವನ್ನೂ ಗೂಢಲಿಪಿಯಲ್ಲಿ ಬರೆದಿರುತ್ತವೆ. ಅದೇ ಮಾದರಿಯ ಇನ್ನೊಂದರ ಬೋರ್ಡ್ ತಂದು ಹಾಕಿದರೂ ಸಾಲದು. ಪ್ರತಿ ಡಿಸ್ಕಿನ ಹೊಂದಾಣಿಕೆಯ ವಿವರ ಅದರದರ ಬೋರ್ಡಿನ ಚಿಪ್‌ನಲ್ಲಿ ಇರುತ್ತದೆ.

ಪ್ರಯೋಗಾಲಯಕ್ಕೆ ಕಳಿಸಲೇಬೇಕಾಗಿ ಬಂದರೆ ಬೆಂಗಳೂರಿನಂಥ ಊರಿನಲ್ಲಿ ಧೂಳಿಲ್ಲದ ಕೋಣೆ ಇಟ್ಟುಕೊಂಡವರಿಗೇ ಕೊಡಿ. ಕೊಡುವ ಮುಂಚೆ ಬರವಣಿಗೆಯಲ್ಲಿ ಕೇಳಿಕೊಳ್ಳಿ: ಪರೀಕ್ಷೆಗೆ ಎಷ್ಟು, ಫೈಲ್ ಸಿಗದಿದ್ದರೆ ಎಷ್ಟು, ಹಣ ಕೊಡುವ ಮೊದಲು ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತಾರೆಯೇ, ಮೂಲ ಡಿಸ್ಕ್ ಹಿಂದಿರುಗಿಸುತ್ತಾರೆಯೇ. ನಿಮ್ಮ ವಿಷಯದಲ್ಲಿ ಅಷ್ಟು ದೂರ ಹೋಗಬೇಕಾಗಲಾರದು ಎಂದು ನನ್ನ ಅಂದಾಜು. ಹೋಗಬೇಕಾದರೂ ಮೊದಲು ಅಟ್ಟದ ಕಡೆ ನೋಡಿ. ಪ್ರಯೋಗಾಲಯದ ಬೆಲೆ ಕೇಳಿದ ಮೇಲೆ ಇನ್ನೊಂದು ಬೇಸಿಗೆ ರಜೆ ಅಗ್ಗವಾಗಿ ಕಾಣಬಹುದು.

ಕ್ಯಾಸೆಟ್‌ಗಳೇ ಮೂಲ, ಡಿಸ್ಕಿನಲ್ಲಿರುವುದು ಪ್ರತಿ. ಅವನ್ನು ಅಟ್ಟದಿಂದ ಕೆಳಗಿಳಿಸಿ. ಹಂಚಿನ ಕೆಳಗಿನ ಬೇಸಿಗೆಯ ಕಾವು, ಮಳೆಗಾಲದ ತೇವ ಎರಡೂ ಟೇಪಿಗೆ ಆಗದು. ಒಂದೊಂದನ್ನೂ ಡಬ್ಬಿಯ ಕಿಟಕಿಯಿಂದ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅದನ್ನು ಬೇರೆ ಇಡಿ, ಪ್ಲೇಯರ್‌ಗೆ ಹಾಕಬೇಡಿ. ಒಂದರ ಬೂಷ್ಟು ಹೆಡ್‌ಗೆ ಅಂಟಿ ಉಳಿದವಕ್ಕೂ ಹಬ್ಬುತ್ತದೆ. ಚೆನ್ನಾಗಿರುವವನ್ನು ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಸ್ಪೀಕರ್‌ಗಳಿಂದ ದೂರ ಇಡಿ. ಡಬ್ಬಿಯ ಮೇಲೆ ತಂದೆಯವರ ಕೈಬರಹದಲ್ಲಿರುವ ಪ್ರಸಂಗ, ಊರು, ಅರ್ಥಧಾರಿಗಳ ಹೆಸರುಗಳನ್ನು ಮೊಬೈಲಿನಲ್ಲಿ ಇಂದೇ ಫೋಟೋ ತೆಗೆದುಕೊಳ್ಳಿ. ಫೈಲ್‌ಗಳು ಹೆಸರಿಲ್ಲದೆ ಮರಳಿದರೆ ಮತ್ತೆ ಗುರುತು ಹಚ್ಚಲು ಆ ಪಟ್ಟಿಯೇ ಆಧಾರ.

ಹಳೆಯ ಮೊಬೈಲ್ ಕೇಬಲ್ ಹುಡುಕಿ, ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಡಿಸ್ಕ್ ಜೋಡಿಸಿ ಸದ್ದು ಕೇಳಿ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಕಂಡದ್ದರ ಫೋಟೋ ಜೊತೆ ಮತ್ತೆ ಬರೆಯಿರಿ, ಅಲ್ಲಿಂದ ಮುಂದಿನದನ್ನು ಹೇಳುತ್ತೇನೆ.